ಕಾಲೇಜು ನಿಯಮಗಳಲ್ಲಿ ವಿಕಲ್ಪ: ಶಿವಮೊಗ್ಗ, ಭದ್ರಾವತಿಗಳನ್ನು ಮುಂದಿಟ್ಟು ಒಂದು ವಿಮರ್ಶೆ

೧. ವಿಷಯ

ಕರ್ನಾಟಕದ ಪದವಿ ಕಾಲೇಜುಗಳ ವ್ಯಾಸಂಗನಿಯಮಗಳು ಮೂರು ವರ್ಷಗಳ ಅವಧಿಯಲ್ಲಿ ಎರಡು ಸಲ ಬುಡಸಹಿತ ಬದಲಾಯಿಸಲ್ಪಟ್ಟುವು. 2020ರ ರಾಷ್ಟ್ರೀಯ ಶಿಕ್ಷಣನೀತಿಯನ್ನು ಅನುಸರಿಸಿ 2021ನೆಯ ಇಸವಿ ಆಗಸ್ಟಿನಲ್ಲಿ ಹೊರಟ ಸರ್ಕಾರದ ಆಜ್ಞೆಯು 2021–22ನೆಯ ಸಾಲಿನಿಂದ ನಾಲ್ಕು ವರ್ಷಗಳ ಪದ್ಧತಿಯನ್ನು ಜಾರಿಗೆ ತಂದಿತು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ನೇಮಿತವಾದ ರಾಜ್ಯ ಶಿಕ್ಷಣನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧಾರವಾಗಿಟ್ಟುಕೊಂಡು 2024ನೆಯ ಇಸವಿ ಮೇ ತಿಂಗಳಿನಲ್ಲಿ ಹೊರಟ ಮತ್ತೊಂದು ಆಜ್ಞೆಯು 2024–25ನೆಯ ಸಾಲಿನಿಂದ ಮೂರು ವರ್ಷಗಳ ಪದವಿಯನ್ನೇ ಮರಳಿ ಸ್ಥಾಪಿಸಿತು. ಅದೇ ಆಯೋಗದ ಅಂತಿಮ ವರದಿಯು ಸರ್ಕಾರದ ಕೈಸೇರಿದುದು 2025ರ ಆಗಸ್ಟಿನಲ್ಲಿ.

ಈ ಎರಡು ಆಜ್ಞೆಗಳ ನಡುವೆ, 2023ರಲ್ಲಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸ್ವಾಯತ್ತ ಕಾಲೇಜುಗಳ ವಿಷಯವಾಗಿ ಹೊಸ ನಿಯಮಾವಳಿಯೊಂದನ್ನು ಪ್ರಕಟಿಸಿತು. ಪಾಠ್ಯಕ್ರಮವನ್ನು ತಾನೇ ರಚಿಸುವುದು, ಪರೀಕ್ಷೆಯನ್ನು ತಾನೇ ನಡೆಸುವುದು, ಮೌಲ್ಯಮಾಪನದ ಕ್ರಮವನ್ನು ತಾನೇ ಗೊತ್ತುಮಾಡುವುದು ಎಂಬ ಅಧಿಕಾರಗಳು ಯಾವ ಕಾಲೇಜಿಗೆ ಸಲ್ಲುವುವು ಎಂಬುದನ್ನು ಆ ನಿಯಮಾವಳಿ ಹೇಳುತ್ತದೆ.

ಈ ಮೂರು ಬರಹಗಳೂ ಒಂದೇ ಮಾತನ್ನು ಬೇರೆಬೇರೆ ಬಾಯಿಂದ ಆಡುತ್ತವೆ. ವಿದ್ಯಾರ್ಥಿಯ ಹಿತಕ್ಕಾಗಿ ನಿಯಮವು ಬಗ್ಗಬೇಕು ಎಂಬುದೇ ಆ ಮಾತು. ಬಗ್ಗಬೇಕೆಂಬುದರಲ್ಲಿ ವಿವಾದವಿಲ್ಲ. ಯಾರು ಬಗ್ಗಿಸಬೇಕು, ಎಷ್ಟು ಬಗ್ಗಿಸಬೇಕು, ಬಗ್ಗಿಸಿದುದರಿಂದ ಫಲ ಬಂದಿತೋ ಇಲ್ಲವೋ ಎಂಬುದನ್ನು ಯಾವ ಪ್ರಮಾಣದಿಂದ ತಿಳಿಯಬೇಕು ಎಂಬಲ್ಲಿಯೇ ವಿವಾದವುಂಟು. ವಿಧಿವಾಕ್ಯಗಳನ್ನು ಓದಿ ಅರ್ಥನಿರ್ಣಯ ಮಾಡುವ ಕೆಲಸದಲ್ಲಿ ಈ ದೇಶದ ಶಾಸ್ತ್ರಕಾರರಿಗೆ ಎರಡು ಸಾವಿರ ವರ್ಷಗಳ ಅಭ್ಯಾಸವಿದೆ. ಮೀಮಾಂಸಕರು ಯಜ್ಞದ ವಿಧಿಗಳನ್ನೂ ವೈಯಾಕರಣರು ಶಬ್ದದ ವಿಧಿಗಳನ್ನೂ ಶೋಧಿಸಿದ ಕ್ರಮದಲ್ಲಿಯೇ ಕಾಲೇಜಿನ ವಿಧಿಗಳನ್ನೂ ಶೋಧಿಸಬಹುದು. ಸಾಹಿತ್ಯದ ಅಧ್ಯಾಪಕರು ಈ ವಿಧಿಗಳ ಅಧೀನದಲ್ಲಿಯೇ ದಿನವೂ ಪಾಠ ಹೇಳುವವರಾದುದರಿಂದ ಈ ಶೋಧನೆ ಅವರಿಗೆ ಹೊರಗಿನದಲ್ಲ.

೨. ನೆಲ

ವಿಚಾರವು ನಿರಾಧಾರವಾಗದಂತೆ ಅದನ್ನು ಒಂದು ನೆಲದ ಮೇಲೆ ನಿಲ್ಲಿಸುವುದು ಒಳ್ಳೆಯದು. ಅದಕ್ಕೆ ಶಿವಮೊಗ್ಗ, ಭದ್ರಾವತಿಗಳು ತಕ್ಕ ಸ್ಥಳಗಳು. ಶಿವಮೊಗ್ಗದಲ್ಲಿ 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾದ ಸಂಸ್ಥೆಯು ಬೆಳೆದು ಸಹ್ಯಾದ್ರಿ ಕಾಲೇಜೆನಿಸಿ, ಈಗ ವಿಜ್ಞಾನ, ಕಲೆ, ವಾಣಿಜ್ಯ ಮತ್ತು ನಿರ್ವಹಣ ಎಂಬ ಮೂರು ಕಾಲೇಜುಗಳಾಗಿ ಕುವೆಂಪು ವಿಶ್ವವಿದ್ಯಾನಿಲಯದ ಘಟಕಗಳಾಗಿವೆ. 1946ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಕ್ಷಣ ಸಮಿತಿಯ ಕಾಲೇಜುಗಳೂ ಅದೇ ಊರಿನಲ್ಲಿವೆ. 1987ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯದ ಆವರಣವು ಶಂಕರಘಟ್ಟದಲ್ಲಿದೆ; ಶಂಕರಘಟ್ಟವಾದರೋ ಭದ್ರಾವತಿ ತಾಲ್ಲೂಕಿಗೆ ಸೇರಿದುದು. ಹೀಗೆ ನಿಯಮವನ್ನು ಮಾಡುವ ಸಭೆಯೂ ನಿಯಮವನ್ನು ಅನುಭವಿಸುವ ತರಗತಿಯೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೊಳಗೇ ಇವೆ.

ಭದ್ರಾವತಿಯ ಬಾಳು ಕಾರ್ಖಾನೆಯ ಪಾಳಿಯೊಡನೆ ಬೆಳೆದ ಬಾಳು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. ಮೈಸೂರು ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾಯಿತು. ಇವೆರಡರ ಹೊಗೆಯ ಕೆಳಗೆ ಒಂದು ಊರೇ ಎದ್ದಿತು. ಆ ಊರಿನ ಮಕ್ಕಳಿಗೆಂದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಸರ್ಕಾರೀ ಕಾಲೇಜುಗಳೂ ಏರ್ಪಟ್ಟುವು. ಕಾಗದದ ಕಾರ್ಖಾನೆ ಉತ್ಪಾದನೆಯನ್ನು ನಿಲ್ಲಿಸಿ ಹಲವು ವರ್ಷಗಳಾಗಿವೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಟು, ಅದೇ ವರ್ಷದ ಆಗಸ್ಟಿನಲ್ಲಿ ಕೆಲಸದ ಒಂದು ಭಾಗ ಮತ್ತೆ ನಡೆಯತೊಡಗಿತು. ತಂದೆಯ ಖಾಯಂ ಸಂಬಳದ ಆಸರೆಯಲ್ಲಿ ಓದುತ್ತಿದ್ದ ತಲೆಮಾರು ಹೋಗಿ, ತಾನೇ ಅಂಗಡಿಯಲ್ಲಿಯೋ ಗ್ಯಾರೇಜಿನಲ್ಲಿಯೋ ದುಡಿದು ಓದಬೇಕಾದ ತಲೆಮಾರು ಬಂದಿತು. ನಿಯಮಗಳ ಮಾತು ಬಂದಾಗ ಈ ವಿದ್ಯಾರ್ಥಿಯನ್ನು ಮರೆಯಲಾಗದು. ತರಗತಿಗಳಲ್ಲಿ ನೂರಕ್ಕೆ ಎಪ್ಪತ್ತೈದು ಹಾಜರಾತಿ ಬೇಕೆಂಬ ಸಾಮಾನ್ಯನಿಯಮವು ಮನೆಯ ಅನ್ನ ಉಂಡು ಓದುವವನಿಗೆ ಹಗುರ. ದುಡಿದು ಓದುವವನಿಗೆ ಪದವಿಗೂ ಅವನಿಗೂ ನಡುವೆ ನಿಂತ ಗೋಡೆ.

೩. ಸಂಶಯವೂ ಪೂರ್ವಪಕ್ಷವೂ

ಆದುದರಿಂದ ಸಂಶಯವು ಹೀಗೆ ಏಳುತ್ತದೆ. ಹಾಜರಾತಿ, ಮರುಪರೀಕ್ಷೆ, ಮುಂದಿನ ವರ್ಷಕ್ಕೆ ಬಡ್ತಿ, ವಿಷಯಗಳ ಆಯ್ಕೆ ಮುಂತಾದ ನಿಯಮಗಳನ್ನು ಸಡಿಲಿಸಿ ಪರೀಕ್ಷಿಸಿ ನೋಡುವ ಅಧಿಕಾರವನ್ನು ಕಾಲೇಜಿಗೆ ಕೊಡಬಹುದೋ, ಕೊಡಬಾರದೋ?

ಕೊಡಬಾರದೆಂಬ ಪಕ್ಷದವರ ವಾದಕ್ಕೆ ಬಲವಿಲ್ಲವೆಂದು ಹೇಳಲಾಗದು. ಮೊದಲನೆಯದಾಗಿ, ಒಂದೇ ಹೆಸರಿನ ಪದವಿಗೆ ಒಂದೇ ಬೆಲೆ ಇರಬೇಕು, ಭದ್ರಾವತಿಯ ಬಿ.ಎ. ಬೇರೆ, ಶಿವಮೊಗ್ಗದ ಬಿ.ಎ. ಬೇರೆ ಎಂದಾದರೆ ನಷ್ಟವು ಸಣ್ಣ ಊರಿನವನಿಗೇ. ಎರಡನೆಯದಾಗಿ, ಸಡಿಲಿಕೆಯೆಂಬುದು ಸುಲಭವಾಗಿ ಸೋಮಾರಿತನಕ್ಕೆ ಹೊದಿಕೆಯಾಗುತ್ತದೆ. ಉತ್ತೀರ್ಣರ ಸಂಖ್ಯೆ ಏರಬೇಕೆಂದು ಪರೀಕ್ಷೆಯನ್ನೇ ಇಳಿಸುವುದು ಸಾಧ್ಯ. ಮೂರನೆಯದಾಗಿ, ಸರ್ಕಾರೀ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವಿರುವೆವೋ ಇಲ್ಲವೋ ಎಂಬುದನ್ನರಿಯದವರು ಮೂರು ವರ್ಷದ ಪ್ರಯೋಗವನ್ನು ಹೇಗೆ ನಡೆಸಿಯಾರು? ನಾಲ್ಕನೆಯದಾಗಿ, ವಿದ್ಯಾರ್ಥಿಯ ಆಯುಸ್ಸು ಪ್ರಯೋಗದ ವಸ್ತುವಲ್ಲ. ತಪ್ಪಿದ ಪ್ರಯೋಗವನ್ನು ಕಾಲೇಜು ಮುಂದಿನ ವರ್ಷ ತಿದ್ದಿಕೊಳ್ಳಬಹುದು, ವಿದ್ಯಾರ್ಥಿಗೆ ಆ ವರ್ಷವು ಮತ್ತೆ ಬಾರದು.

ಈ ನಾಲ್ಕು ಆಕ್ಷೇಪಗಳಲ್ಲಿ ಕೊನೆಯದೇ ಗುರುತರವಾದುದು. ಅದಕ್ಕೆ ಸಮಾಧಾನ ದೊರೆಯದೆ ಸಿದ್ಧಾಂತವು ನಿಲ್ಲಲಾರದು.

೪. ವಿಕಲ್ಪದ ಎಂಟು ದೋಷಗಳು

ಒಂದು ಕಾರ್ಯಕ್ಕೆ ಎರಡು ದಾರಿಗಳನ್ನು ಶಾಸ್ತ್ರವು ಹೇಳಿದಾಗ ಅದಕ್ಕೆ ವಿಕಲ್ಪವೆಂದು ಹೆಸರು. ಅಕ್ಕಿಯಿಂದಲೂ ಯಾಗ ಮಾಡಬಹುದು, ಜವೆಯಿಂದಲೂ ಮಾಡಬಹುದು ಎಂಬುದು ಮೀಮಾಂಸಕರ ಪ್ರಸಿದ್ಧ ಉದಾಹರಣೆ. ಹೊರಗಿನಿಂದ ನೋಡುವವರಿಗೆ ಇದು ಉದಾರತೆಯಾಗಿ ತೋರುತ್ತದೆ. ಆದರೆ ಮೀಮಾಂಸಕರು ವಿಕಲ್ಪವನ್ನು ಆದಷ್ಟು ಮಟ್ಟಿಗೆ ಒಪ್ಪುವುದಿಲ್ಲ. ಬೇರೆ ಗತಿಯಿಲ್ಲದಿದ್ದರೆ ಮಾತ್ರ ಒಪ್ಪುತ್ತಾರೆ. ಏಕೆಂದರೆ ಅದಕ್ಕೆ ಎಂಟು ದೋಷಗಳುಂಟು.

ಆ ಎಂಟರ ಲೆಕ್ಕ ಹೀಗಿದೆ. ಅಕ್ಕಿಯನ್ನು ಆರಿಸಿಕೊಂಡ ದಿನ ಜವೆಯ ವಾಕ್ಯಕ್ಕೆ ಇದ್ದ ಪ್ರಾಮಾಣ್ಯವನ್ನು ಕೈಬಿಡಬೇಕಾಗುತ್ತದೆ. ಅದಕ್ಕಿಲ್ಲದ ಅಪ್ರಾಮಾಣ್ಯವನ್ನು ಕಲ್ಪಿಸಬೇಕಾಗುತ್ತದೆ. ಮತ್ತೊಂದು ಸಲ ಜವೆಯನ್ನು ಹಿಡಿದಾಗ, ಕೈಬಿಟ್ಟಿದ್ದ ಪ್ರಾಮಾಣ್ಯವನ್ನು ಪುನಃ ಬದುಕಿಸಬೇಕು. ಕಲ್ಪಿಸಿಕೊಂಡಿದ್ದ ಅಪ್ರಾಮಾಣ್ಯವನ್ನು ಅಳಿಸಬೇಕು. ಇವು ನಾಲ್ಕು. ಇದೇ ರೀತಿಯಲ್ಲಿ ಅಕ್ಕಿಯ ವಾಕ್ಯಕ್ಕೂ ನಾಲ್ಕು. ಕೂಡಿದರೆ ಎಂಟು. ಸಾರವೇನೆಂದರೆ, ಎರಡು ದಾರಿಗಳಿರುವುದರಲ್ಲಿ ದೋಷವಿಲ್ಲ. ಒಬ್ಬನೇ ಕರ್ತೃವು ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೆ ಮೊದಲಿನದಕ್ಕೆ ಹಾರುವುದರಲ್ಲಿ ದೋಷವಿದೆ. ಹಾರಿದಾಗಲೆಲ್ಲ ಶಾಸ್ತ್ರದಲ್ಲಿಟ್ಟ ವಿಶ್ವಾಸವು ಒಂದಿಷ್ಟು ಸವೆಯುತ್ತದೆ.

ಇದಕ್ಕೆ ಪ್ರತಿಯಾಗಿ ವ್ಯವಸ್ಥಿತವಿಕಲ್ಪವೆಂಬುದೊಂದುಂಟು. ಅಲ್ಲಿಯೂ ದಾರಿಗಳು ಎರಡೇ. ಆದರೆ ಈ ದಾರಿ ಇವರಿಗೆ, ಆ ದಾರಿ ಅವರಿಗೆ ಎಂದು ಗೊತ್ತಾಗಿರುತ್ತದೆ. ಅಗ್ನಿಹೋತ್ರವನ್ನು ಕೆಲವರು ಸೂರ್ಯೋದಯಕ್ಕೆ ಮುನ್ನ ಮಾಡುತ್ತಾರೆ, ಕೆಲವರು ಉದಯಾನಂತರ ಮಾಡುತ್ತಾರೆ. ಎರಡನ್ನೂ ನಿಂದಿಸುವ ವಾಕ್ಯಗಳಿರುವುದನ್ನು ಎತ್ತಿ ತೋರಿಸಿ, ವೇದವು ಪರಸ್ಪರ ವಿರುದ್ಧವೆಂದು ಆಕ್ಷೇಪಿಸಿದವರಿಗೆ ನ್ಯಾಯದರ್ಶನವು ಕೊಡುವ ಉತ್ತರ ಬಹಳ ಸರಳವಾಗಿದೆ. ಒಂದು ಕಾಲವನ್ನು ತನ್ನದೆಂದು ಸ್ವೀಕರಿಸಿ, ಆಮೇಲೆ ಅದನ್ನು ಕೆಡಿಸಿ ಇನ್ನೊಂದು ಕಾಲದಲ್ಲಿ ಹೋಮ ಮಾಡುವವನಿಗೆ ಆ ನಿಂದೆ ಅನ್ವಯಿಸುತ್ತದೆಯೇ ಹೊರತು, ತನ್ನ ಕಾಲವನ್ನು ಪಾಲಿಸುವವನಿಗಲ್ಲ.

ಕಾಲೇಜುಗಳ ವಿಷಯದಲ್ಲಿ ಬೇಕಾದ ಸಿದ್ಧಾಂತವೆಲ್ಲವೂ ಈ ಉತ್ತರದಲ್ಲಿ ಬೀಜರೂಪವಾಗಿ ಅಡಗಿದೆ.

೫. 2021ರ ಮತ್ತು 2024ರ ಆಜ್ಞೆಗಳು

2021ರ ಪದ್ಧತಿಯು ವಿದ್ಯಾರ್ಥಿಗೆ ವಿಕಲ್ಪಗಳನ್ನು ಧಾರಾಳವಾಗಿ ಕೊಟ್ಟಿತು. ಒಂದು ವರ್ಷ ಓದಿ ಹೊರಟವನಿಗೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಬಿಟ್ಟುಹೋದವನು ಮರಳಿ ಬಂದು ಬಿಟ್ಟ ಸ್ಥಳದಿಂದಲೇ ಮುಂದುವರಿಯಬಹುದು. ವಿಜ್ಞಾನದವನು ಸಾಹಿತ್ಯವನ್ನೂ ಸಾಹಿತ್ಯದವನು ವಾಣಿಜ್ಯವನ್ನೂ ಮುಕ್ತ ಐಚ್ಛಿಕವಾಗಿ ಓದಬಹುದು. ಹಿಂದಿನಿಂದ ಬಂದ ಮೂರು ಐಚ್ಛಿಕ ವಿಷಯಗಳ ಕೂಟವು ಎರಡಕ್ಕೆ ಇಳಿಯಿತು. ದುಡಿದು ಓದುವ ಭದ್ರಾವತಿಯ ಹುಡುಗನನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡು ನೋಡಿದರೆ, ಬಿಟ್ಟು ಮರಳುವ ಅವಕಾಶವೊಂದೇ ಆದರೂ ಬೆಲೆಯುಳ್ಳದ್ದು. ಈ ಪದ್ಧತಿಯ ಆಶಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಆಶಯವು ಸಡಿಲವಾಗಿದ್ದು, ಆಜ್ಞೆಯು ಬಿಗಿಯಾಗಿತ್ತು. ವಿದ್ಯಾರ್ಥಿಗೆ ವಿಕಲ್ಪವನ್ನು ಕೊಟ್ಟ ಆ ಬರಹವು ಕಾಲೇಜಿಗೆ ವಿಕಲ್ಪವನ್ನು ಕೊಡಲಿಲ್ಲ. ಒಂದೇ ಮುಂಗಾರಿನಲ್ಲಿ ರಾಜ್ಯದ ವಿಶ್ವವಿದ್ಯಾನಿಲಯಗಳೆಲ್ಲವೂ ಒಂದೇ ಚೌಕಟ್ಟಿಗೆ ಬಂದುವು. ಕೋಣೆಗಳೂ ಪ್ರಯೋಗಶಾಲೆಗಳೂ ತುಂಬಿದ್ದ ಕಾಲೇಜಿಗೂ, ಒಂದು ವಿಭಾಗಕ್ಕೆ ಒಬ್ಬನೇ ಅಧ್ಯಾಪಕನಿದ್ದ ಕಾಲೇಜಿಗೂ ಅದೇ ವಿಧಿ. ಮುಕ್ತ ಐಚ್ಛಿಕವೆಂದು ಪಟ್ಟಿಯಲ್ಲಿದ್ದುದು, ಅದನ್ನು ಹೇಳುವವರಿಲ್ಲದ ಕಾಲೇಜಿನಲ್ಲಿ ಮುಕ್ತವೂ ಆಗದು, ಐಚ್ಛಿಕವೂ ಆಗದು. ವಿಷಯಗಳು ಮೂರರಿಂದ ಎರಡಾದಾಗ ಐಚ್ಛಿಕ ಕನ್ನಡದಂಥ ವಿಭಾಗಗಳಿಗೆ ಏನಾಗುವುದೆಂಬ ಪ್ರಶ್ನೆಯೂ ಸಾಹಿತ್ಯದ ಅಧ್ಯಾಪಕರಲ್ಲಿ ಎದ್ದಿತು. ಆ ಪ್ರಶ್ನೆಗೆ ಉತ್ತರ ಹುಡುಕಲು ಕೆಲವು ಕಾಲೇಜುಗಳಲ್ಲಿ ಮೊದಲು ನಡೆಸಿ ನೋಡುವ ಏರ್ಪಾಡು ಇರಲಿಲ್ಲ.

2024ರ ಆಜ್ಞೆಯೂ ಇದೇ ಜಾಡಿನಲ್ಲಿ ನಡೆಯಿತು. ಮೂರು ವರ್ಷದ ಪದವಿ ಮರಳಿತು; ಮೂರು ವಿಷಯಗಳ ಕೂಟ ಮರಳಿತು. 2021, 2022, 2023ರಲ್ಲಿ ಸೇರಿದ ಮೂರು ತಂಡಗಳಿಗೆ ಹಳೆಯ ಪದ್ಧತಿಯೇ ನಿಂತು, ನಾಲ್ಕನೆಯ ವರ್ಷವು ಅವರ ಇಚ್ಛೆಗೆ ಬಿಡಲ್ಪಟ್ಟಿತು. ಇದರ ಫಲವಾಗಿ 2024–25ನೆಯ ಸಾಲಿನಲ್ಲಿ ಒಂದೇ ಕಟ್ಟಡದ ಕೆಳಗಿನ ತರಗತಿಗೆ ಒಂದು ಶಾಸ್ತ್ರ, ಮೇಲಿನ ತರಗತಿಗಳಿಗೆ ಮತ್ತೊಂದು ಶಾಸ್ತ್ರ. ಒಬ್ಬ ಅಧ್ಯಾಪಕನೇ ಎರಡರಲ್ಲಿಯೂ ಪಾಠ ಹೇಳಬೇಕಾಯಿತು. ಆಗಲೇ ಸೇರಿದ್ದವರನ್ನು ನಡುದಾರಿಯಲ್ಲಿ ಎತ್ತಿ ಬೇರೆ ಪದ್ಧತಿಗೆ ಹಾಕದೆ ಹೋದುದು ಆ ಆಜ್ಞೆಯ ಗುಣವೆಂದು ಒಪ್ಪಬೇಕು. ಆದರೆ ಮೊದಲ ತಂಡವು ಮೂರು ವರ್ಷಗಳನ್ನು ಪೂರೈಸುವ ಹೊತ್ತಿಗೇ ಪದ್ಧತಿಯ ಬಾಗಿಲು ಹೊಸಬರಿಗೆ ಮುಚ್ಚಿತು. ನಾಲ್ಕನೆಯ ವರ್ಷದ ಫಲವೇನೆಂಬುದನ್ನು ಯಾರೂ ನೋಡಿರಲಿಲ್ಲ. ಬಿಟ್ಟುಹೋದವರು ಮರಳಿ ಬಂದರೋ ಎಂಬುದನ್ನು ತಿಳಿಯುವುದಕ್ಕೆ ಬೇಕಾದಷ್ಟು ಕಾಲವೂ ಕಳೆದಿರಲಿಲ್ಲ.

ಎಂಟು ದೋಷಗಳ ಲೆಕ್ಕವನ್ನು ಇಲ್ಲಿಗೆ ಹಚ್ಚಿ ನೋಡಬಹುದು. 2021ರಲ್ಲಿ ಮೂರು ವರ್ಷದ ಪದ್ಧತಿಗಿದ್ದ ಪ್ರಾಮಾಣ್ಯವು ಬಿಡಲ್ಪಟ್ಟಿತು, ಅದು ಸಾಲದೆಂಬ ಅಪ್ರಾಮಾಣ್ಯವು ಕಲ್ಪಿತವಾಯಿತು. 2024ರಲ್ಲಿ ಬಿಟ್ಟ ಪ್ರಾಮಾಣ್ಯವು ಮತ್ತೆ ಬದುಕಿತು, ಕಲ್ಪಿಸಿದ ಅಪ್ರಾಮಾಣ್ಯವು ಅಳಿಯಿತು. ನಾಲ್ಕು ವರ್ಷದ ಪದ್ಧತಿಗೆ ಇದೇ ಕ್ರಮವು ತಿರುಗುಮುರುಗಾಗಿ ನಡೆಯಿತು. ಈ ಎರಡು ಆಜ್ಞೆಗಳಲ್ಲಿ ಯಾವುದು ಸಾಧು, ಯಾವುದು ಅಸಾಧು ಎಂಬ ವಾದವು ರಾಜಕೀಯ ವೇದಿಕೆಗಳಲ್ಲಿ ಬೇಕಾದಷ್ಟು ನಡೆದಿದೆ. ವಿಮರ್ಶೆಗೆ ಮುಖ್ಯವಾದುದು ಬೇರೆ: ಎರಡೂ ವಿಧಿಗಳು ಹೊರಟುವು, ಎರಡರಲ್ಲಿ ಒಂದರ ಪರೀಕ್ಷೆಯೂ ನಡೆಯಲಿಲ್ಲ.

೬. ಅನ್ವಯವ್ಯತಿರೇಕ

ಪರೀಕ್ಷೆ ನಡೆಯಲಿಲ್ಲವೆಂಬುದಕ್ಕೆ ಕಾರಣವು ತರ್ಕದಲ್ಲಿಯೇ ಇದೆ. ಇದು ಇದ್ದರೆ ಅದು ಇರುವುದು ಎಂಬುದು ಅನ್ವಯ. ಇದು ಇಲ್ಲದಿದ್ದರೆ ಅದು ಇಲ್ಲ ಎಂಬುದು ವ್ಯತಿರೇಕ. ಕಾರ್ಯಕಾರಣಭಾವವು ಇವೆರಡೂ ಕೂಡಿದಾಗ ಗೊತ್ತಾಗುತ್ತದೆಯೇ ಹೊರತು ಒಂದರಿಂದ ಆಗದು. ರಾಜ್ಯದ ಎಲ್ಲ ಕಾಲೇಜುಗಳಲ್ಲಿಯೂ ಒಂದೇ ದಿನ ನಿಯಮವು ಬದಲಾದರೆ ಅನ್ವಯವು ದೊರೆಯಬಹುದು, ವ್ಯತಿರೇಕವು ದೊರೆಯುವುದಿಲ್ಲ. ಹೊಸ ನಿಯಮವಿಲ್ಲದ ಕಾಲೇಜು ಒಂದೂ ಉಳಿಯದೆ ಹೋದಮೇಲೆ ಹೋಲಿಸುವುದು ಯಾವುದರೊಡನೆ? ಹಿಂದಿನ ವರ್ಷಗಳೊಡನೆ ಹೋಲಿಸೋಣವೆಂದರೆ, 2020 ಮತ್ತು 2021 ಸೋಂಕಿನ ವರ್ಷಗಳು. ಬಾಗಿಲು ಮುಚ್ಚಿದ ತರಗತಿಗಳ ವರ್ಷಗಳು. ಅವು ಅಳತೆಗೋಲಾಗಲು ಯೋಗ್ಯವಲ್ಲ.

ಪದವಿಪೂರ್ವ ಕಾಲೇಜುಗಳಲ್ಲಿ 2024ರಲ್ಲಿ ಬಂದ ಸುಧಾರಣೆಯನ್ನು ಇದಕ್ಕೆ ಹೋಲಿಸಬಹುದು. ಹಿಂದೆ ವಾರ್ಷಿಕ ಪರೀಕ್ಷೆಯಲ್ಲಿ ತಪ್ಪಿದವನಿಗೆ ಪೂರಕ ಪರೀಕ್ಷೆಯೊಂದಿತ್ತು. ಅದಕ್ಕೆ ಬದಲಾಗಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ಏರ್ಪಟ್ಟುವು. ಮೂರರಲ್ಲಿ ಯಾವುದರ ಅಂಕ ಹೆಚ್ಚೋ ಅದನ್ನೇ ಉಳಿಸಿಕೊಳ್ಳಬಹುದು. ನಿಯಮವು ಬಗ್ಗಿದುದು ಇಲ್ಲಿ ವಿದ್ಯಾರ್ಥಿಯ ಕಡೆಗೇ. ಒಂದು ದಿನದ ಜ್ವರದಿಂದ ಒಂದು ವರ್ಷವನ್ನು ಕಳೆದುಕೊಳ್ಳುವ ಭಯವು ಕಡಮೆಯಾಯಿತು. ಸೋತರೆ ವಿದ್ಯಾರ್ಥಿಗೆ ನಷ್ಟವಿಲ್ಲ, ಗೆದ್ದರೆ ಲಾಭವುಂಟು ಎಂಬ ರೀತಿಯ ಸಡಿಲಿಕೆಯು ಉತ್ತಮಜಾತಿಯದು. ಆದರೆ ಇದೂ ರಾಜ್ಯಕ್ಕೆಲ್ಲ ಒಟ್ಟಿಗೇ ಬಂದುದರಿಂದ, ಮೂರು ಪರೀಕ್ಷೆಗಳು ಕಲಿಕೆಯನ್ನು ಬೆಳೆಸಿದುವೋ, ಅಂಕವನ್ನು ಮಾತ್ರ ಬೆಳೆಸಿದುವೋ ಎಂಬುದನ್ನು ಬೇರ್ಪಡಿಸಿ ಹೇಳಲು ವ್ಯತಿರೇಕವಿಲ್ಲ.

ವ್ಯತಿರೇಕವನ್ನು ಕಾದಿಟ್ಟುಕೊಂಡು ನಿಯಮವನ್ನು ಬಗ್ಗಿಸುವ ಏರ್ಪಾಡು ಹೊರದೇಶದಲ್ಲಿ ಉಂಟು. ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ ವಿದ್ಯಾರ್ಥಿವೇತನಗಳ ಕಾನೂನಿನ ಕೆಲವು ನಿಬಂಧನೆಗಳನ್ನು ಆಯ್ದ ಕಾಲೇಜುಗಳ ಮಟ್ಟಿಗೆ ಸಡಿಲಿಸಿ, ಫಲವನ್ನು ನೋಡುವ ಅಧಿಕಾರವನ್ನು ಅಲ್ಲಿನ ಶಿಕ್ಷಣ ಇಲಾಖೆಗೆ ಶಾಸನವೇ ಕೊಟ್ಟಿದೆ. ಸೆರೆಮನೆಯಲ್ಲಿರುವವರಿಗೆ ಪೆಲ್ ಎಂಬ ವಿದ್ಯಾರ್ಥಿವೇತನವು 1994ರಲ್ಲಿ ನಿಷಿದ್ಧವಾಗಿತ್ತು. 2015ರಲ್ಲಿ ಆ ನಿಷೇಧಕ್ಕೆ ಪ್ರಯೋಗಾರ್ಥವಾಗಿ ಅಪವಾದವು ಘೋಷಿತವಾಗಿ, 2016ರಲ್ಲಿ 67 ಕಾಲೇಜುಗಳು ಅದಕ್ಕೆ ಆಯ್ಕೆಯಾದುವು. 2020ರ ಡಿಸೆಂಬರಿನಲ್ಲಿ ನಿಷೇಧವೇ ರದ್ದಾಗಿ, 2023ರ ಜುಲೈಯಿಂದ ಹೊಸ ನಿಯಮ ಜಾರಿಗೆ ಬಂದಿತು. ಕೆಲವರಿಗೆ ಅಪವಾದವಾಗಿ ಹುಟ್ಟಿದುದು ಎಲ್ಲರಿಗೂ ಉತ್ಸರ್ಗವಾದ ಕ್ರಮವಿದು. ಅಲ್ಲಿಯೂ ದೋಷವಿಲ್ಲವೆಂದಲ್ಲ, ಪ್ರಯೋಗದ ಫಲವನ್ನು ಅಳೆಯುವ ಕ್ರಮವನ್ನು ಇಲಾಖೆ ಸರಿಯಾಗಿ ಗೊತ್ತುಮಾಡಿಲ್ಲವೆಂದು ಆ ದೇಶದ ಸರ್ಕಾರೀ ಲೆಕ್ಕಪರಿಶೋಧಕ ಸಂಸ್ಥೆಯು 2019ರಲ್ಲಿ ಆಕ್ಷೇಪಿಸಿತು. ಅನುಕರಣೆಗೆ ಯೋಗ್ಯವಾದುದು ಅಲ್ಲಿನ ಕ್ರಮ. ಎಚ್ಚರಿಕೆಗೆ ಯೋಗ್ಯವಾದುದು ಈ ಆಕ್ಷೇಪ.

೭. ಸ್ವಾಯತ್ತತೆಯ ನಿಯಮಾವಳಿ

ಈ ದೇಶದಲ್ಲಿಯೂ ಇಂಥ ಅಧಿಕಾರ ಕಾಲೇಜುಗಳಿಗೆ ಬೇಕೆಂಬ ಮಾತು ಹೊಸತಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಸ್ವಾಯತ್ತ ಕಾಲೇಜುಗಳನ್ನು ಶಿಫಾರಸು ಮಾಡಿತು. 1986ರ ಶಿಕ್ಷಣನೀತಿಯು ಅದನ್ನು ಎತ್ತಿಹಿಡಿಯಿತು. 2020ರ ನೀತಿಯು ಹದಿನೈದು ವರ್ಷಗಳಲ್ಲಿ ಸಂಯೋಜನೆಯ ಪದ್ಧತಿಯೇ ಹಂತಹಂತವಾಗಿ ಇಲ್ಲವಾಗಬೇಕೆಂದಿತು. 2023ರ ನಿಯಮಾವಳಿಯ ಪ್ರಕಾರ ಸ್ವಾಯತ್ತತೆಯು ಮೊದಲ ಸಲ ಹತ್ತು ವರ್ಷಗಳಿಗೆ ದೊರೆಯುತ್ತದೆ. ಪದವಿಯನ್ನು ಮಾತ್ರ ಮಾತೃವಿಶ್ವವಿದ್ಯಾನಿಲಯವೇ ಕೊಡುತ್ತದೆ. ಹತ್ತು ವರ್ಷವೆಂದರೆ ಮೂರು ತಂಡಗಳು ಒಳಬಂದು ಪೂರ್ತಿಯಾಗಿ ಹೊರಹೋಗುವಷ್ಟು ಕಾಲ. ಪರೀಕ್ಷೆಗೆ ಬೇಕಾದ ಅವಧಿಯನ್ನು ಈ ಬರಹವು ಸರಿಯಾಗಿಯೇ ಕೊಟ್ಟಿದೆ.

ದೋಷವಿರುವುದು ಅಧಿಕಾರಿನಿರೂಪಣದಲ್ಲಿ. ಯಾರಿಗೆ ಈ ಅಧಿಕಾರ ಸಲ್ಲುತ್ತದೆ ಎಂಬಲ್ಲಿ, ಕನಿಷ್ಠ ಹತ್ತು ವರ್ಷ ಬಾಳಿರಬೇಕು ಎಂಬುದರೊಡನೆ ನ್ಯಾಕ್ ಸಂಸ್ಥೆಯ ‘ಎ’ ಶ್ರೇಣಿ ಅಥವಾ ಅದಕ್ಕೆ ಸಮಾನವಾದ ಮಾನ್ಯತೆ ಇರಬೇಕೆಂಬ ನಿಬಂಧನೆಯಿದೆ. ಅಯೋಗ್ಯರ ಕೈಗೆ ಪರೀಕ್ಷಾಧಿಕಾರವು ಹೋಗಬಾರದೆಂಬ ಎಚ್ಚರಿಕೆ ಇದರ ಹಿಂದಿದೆ, ಅದು ಯುಕ್ತವೇ. ಆದರೂ ಇದರಿಂದ ಸ್ವಾಯತ್ತತೆಯು ಸಾಧನವಾಗದೆ ಬಹುಮಾನವಾಗುತ್ತದೆ. ಚೆನ್ನಾಗಿ ನಡೆಯುತ್ತಿರುವ ಕಾಲೇಜಿಗೆ ನಿಯಮವನ್ನು ಬಗ್ಗಿಸುವ ಅಧಿಕಾರ ದೊರೆಯುತ್ತದೆ. ಬಡವರ ಮಕ್ಕಳೂ ದುಡಿಯುವ ಮಕ್ಕಳೂ ತುಂಬಿ, ಅಧ್ಯಾಪಕರ ಕೊರತೆಯಿಂದ ನರಳುವ ಕಾಲೇಜಿಗೆ ಅದು ದೊರೆಯುವುದಿಲ್ಲ. ಔಷಧವನ್ನು ಆರೋಗ್ಯವಂತರಿಗೆ ಮೀಸಲಿಟ್ಟಂತಾಯಿತು. ಪೂರ್ಣ ಸ್ವಾಯತ್ತತೆ, ಇಲ್ಲವಾದರೆ ಪೂರ್ಣ ಪಾರತಂತ್ರ್ಯ ಎಂಬ ಎರಡೇ ಸ್ಥಾನಗಳನ್ನು ಈ ನಿಯಮಾವಳಿ ಬಲ್ಲದು. ನಡುವೆ ಒಂದು ಸ್ಥಾನ ಬೇಕಾಗಿದೆ: ಸಂಯೋಜಿತ ಕಾಲೇಜೊಂದು, ಉಳಿದೆಲ್ಲ ವಿಷಯಗಳಲ್ಲಿ ವಿಶ್ವವಿದ್ಯಾನಿಲಯದ ನಿಯಮಕ್ಕೆ ಒಳಪಟ್ಟೇ ಇದ್ದು, ಒಂದು ನಿಯಮದಲ್ಲಿ ಮಾತ್ರ, ಗೊತ್ತಾದ ಕಾಲದವರೆಗೆ, ಅಪವಾದವನ್ನು ಪಡೆಯುವ ಸ್ಥಾನ.

ವೈಯಾಕರಣರ ಉತ್ಸರ್ಗಾಪವಾದನ್ಯಾಯವು ಇಲ್ಲಿ ಸಹಾಯಕವಾಗುತ್ತದೆ. ಉತ್ಸರ್ಗವು ಸಾಮಾನ್ಯನಿಯಮ, ಅಪವಾದವು ವಿಶೇಷನಿಯಮ. ಅಪವಾದವು ತನ್ನ ಸೀಮೆಯಲ್ಲಿ ಉತ್ಸರ್ಗಕ್ಕಿಂತ ಬಲವುಳ್ಳದ್ದು, ಏಕೆಂದರೆ ಅಲ್ಲಿ ಅದಕ್ಕೆ ಎಡೆ ಕೊಡದಿದ್ದರೆ ಅದಕ್ಕೆ ಬೇರೆಡೆಯೇ ಇಲ್ಲ. ಆದರೆ ಆ ಸೀಮೆಯ ಹೊರಗೆ ಉತ್ಸರ್ಗವು ಕಿಂಚಿತ್ತೂ ಕದಲುವುದಿಲ್ಲ. ಅಪವಾದವಿರುವುದರಿಂದ ವ್ಯಾಕರಣವು ಕೆಟ್ಟಿತೆಂದು ಯಾರೂ ಹೇಳಿಲ್ಲ. ಕೆಡುವುದು, ಅಪವಾದದ ಸೀಮೆಯನ್ನು ಬರೆದಿಡದೆ, ಒಮ್ಮೆ ಹೀಗೆ, ಒಮ್ಮೆ ಹಾಗೆ, ಒಮ್ಮೆ ಮತ್ತೇನೋ ಎಂದು ಬಹುಲಗ್ರಹಣ ಮಾಡಿದಾಗ. ಹಾಜರಾತಿಯ ಕೊರತೆಯನ್ನು ವರ್ಷದ ಕೊನೆಯಲ್ಲಿ ಒಬ್ಬನಿಗೆ ಮನ್ನಿಸಿ, ಇನ್ನೊಬ್ಬನಿಗೆ ಮನ್ನಿಸದಿರುವ ರೂಢಿಯು ಯಾವ ಕಾಲೇಜಿನಲ್ಲಿ ಇದ್ದರೂ ಅದು ಸಡಿಲಿಕೆಯಲ್ಲ, ಬಹುಲವೇ. ಬರೆದ ಅಪವಾದವು ಈ ಬರೆಯದ ದಾಕ್ಷಿಣ್ಯಕ್ಕಿಂತ ಬಿಗಿಯಾದುದು ಎಂಬುದನ್ನು ಪೂರ್ವಪಕ್ಷದವರು ಗಮನಿಸಬೇಕು.

೮. ಸಿದ್ಧಾಂತ

ಮೇಲೆ ಹೇಳಿದ ತತ್ತ್ವಗಳಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಕಾಲೇಜಿಗೆ ನಿಯಮವನ್ನು ಬಗ್ಗಿಸಿ ನೋಡುವ ಅಧಿಕಾರವನ್ನು ಕೊಡಬಹುದು, ಕೊಡಲೂ ಬೇಕು. ಆದರೆ ಅದು ವ್ಯವಸ್ಥಿತವಿಕಲ್ಪವಾಗಿರಬೇಕು.

ಇದರ ಅರ್ಥವನ್ನು ಶಿವಮೊಗ್ಗ, ಭದ್ರಾವತಿಗಳ ಮೇಲೆ ಇಟ್ಟು ವಿವರಿಸಬಹುದು. ಭದ್ರಾವತಿಯ ಸರ್ಕಾರೀ ಕಾಲೇಜೊಂದು, ತನ್ನ ಅಧ್ಯಾಪಕರ ಸಭೆಯಲ್ಲಿ ಚರ್ಚಿಸಿ, ದುಡಿಯುವ ವಿದ್ಯಾರ್ಥಿಗಳಿಗೆ ಹಾಜರಾತಿಯ ನಿಯಮವನ್ನು ಬೇರೆ ಬಗೆಯಲ್ಲಿ ವಿಧಿಸುವೆನೆಂದು ತಾನೇ ಕೇಳಲಿ. ಉದಾಹರಣೆಗೆ, ಹಗಲಿನ ತರಗತಿಯಲ್ಲಿ ಕಡಮೆಯಾದ ಗಂಟೆಗಳಿಗೆ ಪ್ರತಿಯಾಗಿ ವಾರದ ಕೊನೆಯ ಪಾಠಗಳು ಮತ್ತು ಬರಹದ ಕೆಲಸ. ಅದೇ ಊರಿನ ಅಥವಾ ಶಿವಮೊಗ್ಗದ ಅದೇ ತರದ ಇನ್ನೊಂದು ಕಾಲೇಜು ಸಾಮಾನ್ಯನಿಯಮದಲ್ಲಿಯೇ ಇರಲಿ. ಸಹ್ಯಾದ್ರಿಯ ಮೂರು ಕಾಲೇಜುಗಳಲ್ಲಿ ಒಂದರಲ್ಲಿ, ತಪ್ಪಿದ ಪತ್ರಿಕೆಗೆ ಮುಂದಿನ ವರ್ಷದವರೆಗೆ ಕಾಯಿಸದೆ, ಫಲಿತಾಂಶವಾದ ಕೆಲವು ವಾರಗಳಲ್ಲಿಯೇ ಮರುಪರೀಕ್ಷೆಯಿಡುವ ಅಪವಾದವು ನಡೆಯಲಿ, ಉಳಿದೆರಡರಲ್ಲಿ ಬೇಡ. ಒಂದು ಕಾಲೇಜಿಗೆ ಒಂದು ಸಲ ಒಂದೇ ಅಪವಾದ. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲವು ಯಾವುದರದೆಂದು ಗೊತ್ತಾಗದು.

ಫಲವೆಂದರೆ ಏನು ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು. ಉತ್ತೀರ್ಣರ ಪ್ರಮಾಣವೊಂದೇ ಫಲವೆಂದರೆ ಪೂರ್ವಪಕ್ಷದ ಎರಡನೆಯ ಆಕ್ಷೇಪವು ಗೆಲ್ಲುತ್ತದೆ. ಪರೀಕ್ಷೆಯನ್ನು ಇಳಿಸಿದರೆ ಆ ಪ್ರಮಾಣ ತಾನಾಗಿಯೇ ಏರುತ್ತದೆ. ಆದುದರಿಂದ ಪ್ರಶ್ನಪತ್ರಿಕೆಯೂ ಮೌಲ್ಯಮಾಪನವೂ ಎರಡು ಕಾಲೇಜುಗಳಿಗೂ ವಿಶ್ವವಿದ್ಯಾನಿಲಯದಿಂದಲೇ, ಒಂದೇ ಆಗಿ, ಬರಬೇಕು. ದಾರಿಯು ಬೇರೆಯಾಗಲಿ, ತಕ್ಕಡಿ ಒಂದೇ ಆಗಿರಲಿ. ಹೀಗೆ ಮಾಡಿದರೆ ಒಂದೇ ಪದವಿಗೆ ಒಂದೇ ಬೆಲೆ ಎಂಬ ಮೊದಲನೆಯ ಆಕ್ಷೇಪಕ್ಕೂ ಸಮಾಧಾನ ದೊರೆಯುತ್ತದೆ. ಸೇರಿದವರಲ್ಲಿ ಎಷ್ಟು ಮಂದಿ ಉಳಿದರು, ಬಿಟ್ಟವರಲ್ಲಿ ಎಷ್ಟು ಮಂದಿ ಮರಳಿದರು ಎಂಬ ಎಣಿಕೆಗಳೂ ಫಲದಲ್ಲಿ ಸೇರಬೇಕು. ದುಡಿಯುವ ವಿದ್ಯಾರ್ಥಿಯ ನಿಜವಾದ ಗೆಲವು ಅಂಕಕ್ಕಿಂತ ಮೊದಲು ಉಳಿಯುವುದರಲ್ಲಿದೆ.

ಅಗ್ನಿಹೋತ್ರದ ನ್ಯಾಯವು ಕಾಲದ ವಿಷಯದಲ್ಲಿ ಅನ್ವಯಿಸುತ್ತದೆ. ಯಾವ ನಿಯಮವನ್ನು ನಂಬಿ ಒಂದು ತಂಡವು ಒಳಬಂದಿತೋ ಅದೇ ನಿಯಮದಲ್ಲಿ ಅದು ಹೊರಹೋಗಬೇಕು. ಸರ್ಕಾರ ಬದಲಾಗಲಿ, ಕುಲಪತಿ ಬದಲಾಗಲಿ, ಸ್ವೀಕರಿಸಿದ ಕಾಲವನ್ನು ಕೆಡಿಸಬಾರದು. ಮೂರನೆಯ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ: ಪ್ರಯೋಗವನ್ನು ಕೈಗೊಂಡ ಕಾಲೇಜಿನಲ್ಲಿ ಆ ಅವಧಿ ಮುಗಿಯುವವರೆಗೆ ಅಧ್ಯಾಪಕರನ್ನು ಬದಲಿಸುವುದಿಲ್ಲವೆಂಬ ಮಾತನ್ನು ಇಲಾಖೆಯು ಕೊಡಬೇಕು. ಅದನ್ನು ಕೊಡಲಾರದಿದ್ದರೆ ಪ್ರಯೋಗಕ್ಕೆ ಕೈಹಾಕಬಾರದು.

ಇನ್ನು ಉಳಿದುದು ನಾಲ್ಕನೆಯ ಆಕ್ಷೇಪ: ಸೋತ ಪ್ರಯೋಗದ ನಷ್ಟವನ್ನು ಹೊರುವವರು ಯಾರು? ಪಾಣಿನಿಯು ವಿಕಲ್ಪವನ್ನು ಹೇಳಲು ಮೂರು ಶಬ್ದಗಳನ್ನು ಬಳಸಿದ್ದಾನೆ: ವಾ, ವಿಭಾಷಾ, ಅನ್ಯತರಸ್ಯಾಮ್. ಸಂಪ್ರದಾಯದ ವ್ಯಾಖ್ಯಾನಕಾರರು ಮೂರನ್ನೂ ಒಂದೇ ಅರ್ಥದಲ್ಲಿ ತೆಗೆದುಕೊಂಡರು. ಪಾಲ್ ಕಿಪಾರ್ಸ್ಕಿ ಎಂಬ ಭಾಷಾವಿದ್ವಾಂಸನು 1979ರಲ್ಲಿ ಬೇರೆ ಮತವನ್ನು ಮಂಡಿಸಿದನು: ಮೊದಲನೆಯದಕ್ಕೆ ಆಗುವುದೇ ಮೇಲೆಂದೂ, ಎರಡನೆಯದಕ್ಕೆ ಆಗದಿರುವುದೇ ಮೇಲೆಂದೂ, ಮೂರನೆಯದಕ್ಕೆ ಎರಡೂ ಸಮವೆಂದೂ ಅರ್ಥ. ಈ ಮತವು ವ್ಯಾಕರಣದಲ್ಲಿ ನಿಲ್ಲುವುದೋ ಬಿಡುವುದೋ ಅದು ಬೇರೆ ವಿಚಾರ. ಆದರೆ ವಿಕಲ್ಪವಿಧಿಯನ್ನು ಬರೆಯುವವನು, ಏನನ್ನೂ ಆರಿಸದೆ ಸುಮ್ಮನಿರುವವನಿಗೆ ಯಾವುದು ಸಲ್ಲುತ್ತದೆ ಎಂಬುದನ್ನು ಹೇಳಲೇಬೇಕೆಂಬ ಪಾಠವು ಇದರಿಂದ ದೊರೆಯುತ್ತದೆ. ತಿಳಿಯದ ವಿದ್ಯಾರ್ಥಿಯು, ಕೇಳುವವರಿಲ್ಲದ ವಿದ್ಯಾರ್ಥಿಯು, ಯಾವಾಗಲೂ ಸುಮ್ಮನಿರುವವನೇ. ಅವನು ಬರೆದುಕೊಟ್ಟು ಒಪ್ಪಿದ ಹೊರತು ಪ್ರಯೋಗದ ನಿಯಮವು ಅವನ ಮೇಲೆ ಬೀಳಬಾರದು. ಒಪ್ಪಿದವನಿಗೂ ಪ್ರಯೋಗವು ಸೋತರೆ ಸಾಮಾನ್ಯನಿಯಮದ ಪ್ರಕಾರ ಪರೀಕ್ಷೆಗೆ ಕೂರುವ ಹಕ್ಕು, ಮತ್ತೊಮ್ಮೆ ಶುಲ್ಕವಿಲ್ಲದೆ, ವರ್ಷವನ್ನು ಕಳೆದುಕೊಳ್ಳದೆ, ಉಳಿಯಬೇಕು. ಲಾಭವು ವಿದ್ಯಾರ್ಥಿಗೆ, ನಷ್ಟವು ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಎಂದು ವಿಧಿಯಲ್ಲಿಯೇ ಬರೆದಿಟ್ಟರೆ ವಿದ್ಯಾರ್ಥಿಯು ಪ್ರಯೋಗದ ವಸ್ತುವಾಗುವುದಿಲ್ಲ, ಪ್ರಯೋಗದ ಫಲಭಾಗಿಯಾಗುತ್ತಾನೆ.

೯. ಪ್ರಯೋಜನ

ಈ ವಿಚಾರದ ಪ್ರಯೋಜನವು ಇಷ್ಟು. 2021ರ ಮತ್ತು 2024ರ ಆಜ್ಞೆಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಉತ್ತರ ಕೊಡಲು ಬೇಕಾದ ಸಾಮಗ್ರಿಯನ್ನು ಆ ಆಜ್ಞೆಗಳು ಹುಟ್ಟಿಸಲಿಲ್ಲ. ಆಯೋಗದ ಅಂತಿಮ ವರದಿಯು ಸರ್ಕಾರದ ಮುಂದಿದೆ. ಅದನ್ನು ಅಂಗೀಕರಿಸಿ ಹೊರಡುವ ಮುಂದಿನ ಆಜ್ಞೆಯೂ ರಾಜ್ಯಕ್ಕೆಲ್ಲ ಒಂದೇ ದಿನ ಒಂದೇ ವಿಧಿಯಾಗಿ ಹೊರಟರೆ ಹಿಂದಿನ ದೋಷವೇ ಮೂರನೆಯ ಸಲ ನಡೆಯುತ್ತದೆ. ಅದಕ್ಕೆ ಬದಲಾಗಿ, ಸಂಯೋಜಿತ ಕಾಲೇಜೊಂದು ಒಂದು ನಿಯಮಕ್ಕೆ ಒಂದು ಅವಧಿಯ ಅಪವಾದವನ್ನು ಕೇಳಬಹುದೆಂದೂ, ವಿಶ್ವವಿದ್ಯಾನಿಲಯವು ಅದನ್ನು ಕೊಡಬಹುದೆಂದೂ ಒಂದು ವಾಕ್ಯವನ್ನು ಆ ಆಜ್ಞೆಯಲ್ಲಿ ಸೇರಿಸಿದರೆ ಸಾಕು. ಶಂಕರಘಟ್ಟದಿಂದ ಭದ್ರಾವತಿಯ ಕಾಲೇಜುಗಳು ದೂರವಿಲ್ಲ; ಕೇಳುವವರೂ ಕೊಡುವವರೂ ಒಂದೇ ತಾಲ್ಲೂಕಿನಲ್ಲಿದ್ದಾರೆ. ಮೊದಲ ಅಪವಾದವು ಅಲ್ಲಿ ಬರೆಯಲ್ಪಡುವುದಕ್ಕೆ ಅಡ್ಡಿಯಾಗಿರುವುದು ದಾರಿಯಲ್ಲ, ಆ ಒಂದು ವಾಕ್ಯದ ಅಭಾವ.